ಇನ್ನೊಂದು ಸಾರಿ

ಅಪ್ಪ ಇಂಗ್ಲಿಷಿನಲ್ಲಿ ಮೊದಲು ಕಲಿತ ಪದ ಅದು.
ಫೋರ್ಟಿನ ರಾತ್ರಿಶಾಲೆ. ಹಗಲೆಲ್ಲ ಲೋಟ ತೊಳೆದು
ಬೆರಳು ಸುಕ್ಕಾದ ಹುಡುಗರು.
ಕುಕ್ಯಾನ್ ಮಾಸ್ತರು ಹೇಳಿಕೊಟ್ಟರಂತೆ:
ಗಿರಾಕಿಯ ಅಂಗಿಗೆ ಚಹಾ ಚೆಲ್ಲಿದರೆ, ಸಾರಿ.
ಚಿಲ್ಲರೆ ಇಲ್ಲದಿದ್ದರೆ, ಸಾರಿ.
ಮಾತು ಕಿವಿಗೆ ಬೀಳದಿದ್ದರೂ ಸಾರಿಯೇ, ಆದರೆ
ಬಾಲ ಮೇಲೆತ್ತಿ ಹೇಳಬೇಕು, ಬೆಕ್ಕಿನ ಹಾಗೆ.
ಯಾರಾದರೂ ತೀರಿಹೋದರೂ ಅದೇ.
"ಕೊಂದದ್ದು ನಾವಲ್ಲವಲ್ಲ ಮಾಸ್ತರೇ?" ಎಂದನಂತೆ ಅಪ್ಪ.
ಮಾಸ್ತರು ಸೀಮೆಸುಣ್ಣ ಕೆಳಗಿಟ್ಟು
ಸ್ವಲ್ಪ ಹೊತ್ತು ಸುಮ್ಮನಿದ್ದು
"ಇಂಗ್ಲಿಷರದ್ದು ಹಾಗೇ" ಅಂದರಂತೆ.

ಅದು ಅಪ್ಪನ ತಲೆಗೆ ಹತ್ತಲಿಲ್ಲ. ನಮ್ಮಲ್ಲಿ
ಸಾರಿ ಅಂದರೆ ಸಲ. ಒಂದು ಸಾರಿ, ನೂರು ಸಾರಿ.
ಎಷ್ಟು ಸಾರಿ ಸಾರಿ ಅಂತೀರಿ, ಎಂದು ಅಮ್ಮ ನಗುತ್ತಿದ್ದಳು,
ಅವನು ಉಪ್ಪು ತರಲು ಮರೆತ ಸಂಜೆಗಳಲ್ಲಿ.

ನನಗೆ ಅದೇ ಉದ್ಯೋಗವಾಯಿತು.
ಬಲ್ಲಾರ್ಡ್ ಎಸ್ಟೇಟಿನ ವಿಮಾ ಕಂಪನಿ, ಮೂರನೇ ಮಹಡಿ.
'ತಿಳಿಸಲು ವಿಷಾದಿಸುತ್ತೇವೆ', ದಿನಕ್ಕೆ ನಲವತ್ತು.
ಈ 'ನಾವು' ಯಾರೆಂದು ಯಾರೂ ಕೇಳಲಿಲ್ಲ.
ಕಾರ್ಬನ್ ಇಟ್ಟು ಒಂದೇ ಏಟಿಗೆ ಮೂರು ಪ್ರತಿ ವಿಷಾದ:
ವಿಧವೆಗೊಂದು, ಫೈಲಿಗೊಂದು,
ಮೂರನೆಯದು ಎಲ್ಲಿಗೆ ಹೋಗುತ್ತಿತ್ತೋ.

ಲೋಕಲ್ಲಿನಲ್ಲಿ ಮಾತ್ರ ಬೇರೆ ಭಾಷೆ.
ಬಗ್ಗಲೂ ಜಾಗವಿಲ್ಲದ ಡೊಂಬಿವಲಿಯ ಡಬ್ಬಿಯಲ್ಲಿ
ಕಾಲಿಗೆ ಕಾಲು ತಾಗಿದರೆ
ಬೆರಳ ತುದಿಯಿಂದ ಅವರ ತೋಳು ಮುಟ್ಟಿ
ತನ್ನ ಎದೆಗೆ ಮುಟ್ಟಿಸಿಕೊಳ್ಳುವುದು.
ಪಿನ್ನು ಮಾರುವ ಹುಡುಗಿಯೂ, ಹೈಕೋರ್ಟಿನ ವಕೀಲಳೂ.
ಭಾಯಖಳಾ ಬರುವುದರೊಳಗೆ ವಿಷಯ ಮುಗಿಯಿತು.

ಅದೇ ಡಬ್ಬಿಯಲ್ಲಿ ಹನ್ನೊಂದು ವರ್ಷ
ವಾರಿಜ ನನಗೆ ಜಾಗ ಹಿಡಿದಳು,
ಕರವಸ್ತ್ರ ಹಾಸಿ, ಜಗಳವಾಡಿ,
ನನ್ನ ಬಸಿರಿನ ತಿಂಗಳುಗಳಲ್ಲಿ ತಾನೇ ನಿಂತು.

ಒಂದು ಚೆಕ್ಕು ಕಾಣೆಯಾಯಿತು.
ಪಾಠಾರೆ ಸಾಹೇಬರು ಕಾಗದ ಮುಂದಿಟ್ಟು
ಇಲ್ಲಿ, 'ಸಾಕ್ಷಿ' ಎಂದಿರುವ ಕಡೆ, ಅಂದರು.
ನಾನು ಏನನ್ನೂ ನೋಡಿರಲಿಲ್ಲ.
ಸಹಿ ಮಾತ್ರ ಚೆನ್ನಾಗಿ ಬಂತು.
ಅವಳನ್ನು ತೆಗೆದುಹಾಕಿದ ಪತ್ರ ಟೈಪು ಮಾಡಿದ್ದೂ ನಾನೇ.
ವಿಷಾದಿಸುತ್ತೇವೆ. ಮೂರು ಪ್ರತಿ.
ದೀಪಾವಳಿಯ ಸಫಾಯಿಯಲ್ಲಿ ಕಪಾಟಿನ ಹಿಂದೆ ಚೆಕ್ಕು ಸಿಕ್ಕಿತು.
ಅದರ ಬಗ್ಗೆ ಯಾವ ಪತ್ರವೂ ಹೋಗಲಿಲ್ಲ.

ಇಪ್ಪತ್ತೆರಡು ವರ್ಷ.
ಮೊನ್ನೆ ಮಾಟುಂಗಾ ಮಾರ್ಕೆಟ್ಟಿನಲ್ಲಿ ಅವಳು
ತೆಂಗಿನಕಾಯಿ ಕುಲುಕಿ ಎಡಗಿವಿಗೆ ಹಿಡಿದಿದ್ದಳು.
ಬಲಗಿವಿಯಲ್ಲಿ ಯಂತ್ರ.
ಕಲಿತ ವಿದ್ಯೆಯೆಲ್ಲ ಒಟ್ಟುಮಾಡಿ ಅಂದೆ:
ಸಾರಿ, ವಾರಿಜ.
ಅವಳು ತಿರುಗಿ, ಬಾಲ ಮೇಲೆತ್ತಿ,
"ಸಾರಿ?" ಅಂದಳು.

ಕೊಟ್ಟ ನಾಣ್ಯ ಅಂಗೈಗೆ ವಾಪಸು.

ಕ್ಷಮಿಸು ಎನ್ನೋಣವೆಂದರೆ ಅದು ನಾಟಕದ ರಾಜನ ಮಾತು.
ಹೊಟ್ಟೆಗೆ ಹಾಕಿಕೋ ಅನ್ನಲೇ,
ನಾನೇ ಅನ್ನ ತಪ್ಪಿಸಿದ ಹೊಟ್ಟೆಗೆ?
ತಪ್ಪಾಯಿತು ಅಂದರೆ, ತಾನಾಗಿ ಆಯಿತೇ ಅದು,
ಸಂಜೆ ಆಗುವ ಹಾಗೆ, ವಯಸ್ಸು ಆಗುವ ಹಾಗೆ?
ಸಿಕ್ಕಿಬಿದ್ದವರಿಗೆ ನಮ್ಮ ಭಾಷೆಯಲ್ಲೂ
ಹಿಂಬಾಗಿಲು ಇದೆ.

"ತಪ್ಪು ಮಾಡಿದೆ. ಸಹಿ ಹಾಕಿದ್ದು ನಾನು."
ಎಡಗಿವಿಗೆ, ಗಟ್ಟಿಯಾಗಿ,
ಕರಿಬೇವಿನವನು ತಲೆಯೆತ್ತಿ ನೋಡುವಷ್ಟು.

ಅವಳು ಕಾಯನ್ನು ಮತ್ತೆ ಕುಲುಕಿದಳು.
"ನೀರಿದೆ" ಅಂದಳು, ಮಾರುವವನಿಗೋ ನನಗೋ.
ದುಡ್ಡು ಕೊಟ್ಟು ಚೀಲ ಎತ್ತಿ ಹೊರಡುವಾಗ
ಅವಳ ಚಪ್ಪಲಿ ನನ್ನ ಪಾದಕ್ಕೆ ತಾಗಿತು.
ಲೋಕಲ್ಲಿನ ಕೈ, ಅದು ತಂತಾನೇ ಬಂತು,
ನನ್ನ ತೋಳು ಮುಟ್ಟಿತು,
ಅವಳ ಎದೆಗೆ ಹೊರಟದ್ದು
ನಡುವೆ ಎಲ್ಲೋ ನಿಂತಿತು.