ಮೇ ಹನ್ನೆರಡರ ಪೈ

ಆರು ಸಾಕು, ಅಂದಳು ನನ್ನ ಅತ್ತೆ ಥರ್ಜಾ.
ಏಳನೆಯದು ದುರಾಸೆ.

ಸಾಮರ್ಸೆಟ್ಟಿನ ಈ ಕಡೆ
ಮೇ ಹನ್ನೆರಡರ ಹೊತ್ತಿಗೆ ರೂಕ್ ಮರಿಗಳು ಗೂಡು ಬಿಟ್ಟು
ಕೊಂಬೆಯ ತುದಿಗೆ ಬಂದು ಕೂರುತ್ತವೆ,
ಹಾರಲು ಧೈರ್ಯ ಸಾಲದೆ,
ಮರಳಲು ನಾಚಿ.
ಆ ಎರಡು ಮೂರು ದಿನವೇ ಮಾಂಸಕ್ಕೆ ಹದ.
ಆಮೇಲೆ ಬೇಯಿಸಿದರೆ ಚಪ್ಪಲಿ.

ನಾನು ಬ್ರಿಸ್ಟಲ್ಲಿನವಳು, ಹಡಗುಕಟ್ಟೆಯ ಬೀದಿಯವಳು.
ಮಾಂಸವೆಂದರೆ ನನಗೆ
ಕಾಗದದಲ್ಲಿ ಸುತ್ತಿ ದಾರ ಕಟ್ಟಿ ಕೊಡುವ ವಸ್ತು.
ಮದುವೆಯಾಗಿ ಬಂದ ವರ್ಷ ಬಡಿಸಿದ್ದನ್ನು
ಪಾರಿವಾಳವೆಂದು ತಿಂದೆ.
ಕಾಗೆಯ ಜಾತಿಯದು ಅಂತ ತಟ್ಟೆ ಖಾಲಿಯಾದ ಮೇಲೆ ಹೇಳಿದರು.
ಮಾವ ಆಂಬ್ರೋಸ್ ಮೇಜು ಬಡಿದು ನಕ್ಕ ನಗೆಗೆ
ಮೀಸೆಯ ಸಾರು ನನ್ನ ತೋಳಿಗೆ ಹಾರಿತು.

ಆ ಮಾವ ಈ ಫೆಬ್ರವರಿಯಲ್ಲಿ ಹೋದ.
ಬ್ಯಾಂಕಿಗೆ ಹೇಳಿದೆವು, ಹಾಲಿನ ಮಂಡಳಿಗೆ ಹೇಳಿದೆವು,
ಕೆನಡಾದ ತಂಗಿಗೆ ತಂತಿ ಹೋಯಿತು.
ಎಲ್ಮ್ ಮರಗಳ ರೂಕ್‌ಗಳಿಗೆ ಹೇಳುವುದು
ಯಾರಿಗೂ ನೆನಪಾಗಲಿಲ್ಲ.

ಯಜಮಾನ ಸತ್ತರೆ ಅವಕ್ಕೆ ಹೇಳಬೇಕಂತೆ,
ಮರದ ಬುಡದಲ್ಲಿ ನಿಂತು, ಟೋಪಿ ತೆಗೆದು.
ಹೇಳದಿದ್ದರೆ ಗುಳೆ ಹೋಗುತ್ತವೆ,
ಬೆನ್ನಿಗೇ ಹೊಲದ ಅದೃಷ್ಟವೂ.
ಏಪ್ರಿಲ್ಲಿನಲ್ಲಿ ಎಣಿಸಿದಾಗ ನಲವತ್ತು ಗೂಡುಗಳಲ್ಲಿ
ಹದಿನೇಳರಲ್ಲಿ ಮಾತ್ರ ಗದ್ದಲ.
ಬಿತ್ತನೆ ಬೀಜಕ್ಕೆ ಬಳಿದ ಔಷಧಿ, ಅಂದ ನನ್ನ ಗಂಡ ಡೆನ್ಜಿಲ್.
ಅತ್ತೆ ಏನೂ ಅನ್ನಲಿಲ್ಲ.

ಇವತ್ತು ಬೆಳಿಗ್ಗೆ ಅವನು ಬಂದೂಕಿಗೆ ಎಣ್ಣೆ ಸವರುತ್ತಿದ್ದಾಗ
ಮೊಣಕಾಲು ಬಾರದ ಅತ್ತೆ
ಗಂಡನ ಟೋಪಿ ಹಾಕಿಕೊಂಡು ಹಿತ್ತಲು ದಾಟಿದಳು.
ಹಾಕಿಕೊಂಡದ್ದು ತೆಗೆಯುವುದಕ್ಕೆ.
ಕಿಟಕಿಯಿಂದ ನನಗೆ ಮಾತು ಕೇಳಲಿಲ್ಲ.
ಬಾಯಿ ಆಡುವುದು ಕಂಡಿತು,
ಗಾಳಿಗೆ ಹಾರುವ ನೆರೆಗೂದಲು ಕಂಡಿತು.
ಮೇಲೆ ಇಡೀ ಮರ ಒಂದು ಗಳಿಗೆ ಸುಮ್ಮನಾಯಿತು,
ಅಥವಾ ಗಾಳಿ ತಿರುಗಿತ್ತೇನೋ.

ಬಂದವಳೇ ಕೈ ತೊಳೆದಳು.
ಹೇಳಿಯಾಯಿತು. ನಮ್ಮ ಮನೆಯವರಲ್ಲದೆ
ಬೇರೆ ಯಾರೂ ನಿಮ್ಮನ್ನು ಹೊಡೆಯುವುದಿಲ್ಲ ಅಂತ
ಮಾತೂ ಕೊಟ್ಟೆ.
ಹೋಗು ಡೆನ್ಜಿಲ್. ಆರು.

ಪುಕ್ಕ ಕೀಳುವ ಕೆಲಸವಿಲ್ಲ ಇದಕ್ಕೆ.
ಎದೆಯ ಮೇಲೊಂದು ಗೀರು,
ಹೆಬ್ಬೆರಳು ತೂರಿಸಿ ಚರ್ಮವನ್ನು
ಮಗುವಿನ ಒದ್ದೆ ಅಂಗಿ ಬಿಚ್ಚಿದಂತೆ ಬಿಚ್ಚುವುದು.
ಎದೆ ಎರಡು ತುಂಡು, ತೊಡೆ ಎರಡು.
ಬೆನ್ನು ಬೇಡ, ಬೆನ್ನೆಲ್ಲ ಕಹಿ.
ಎಲ್ಲರದ್ದೂ ಹಾಗೇ, ಅಂದಳು ಅತ್ತೆ,
ಹೊತ್ತದ್ದೆಲ್ಲ ಅಲ್ಲೇ ಇರುತ್ತೆ.

ನೆನೆಹಾಕಿದ ಹಾಲು ನೇರಳೆಗೆ ತಿರುಗಿತು.
ನಾನು ಕಣಕ ಕಲಸಿದೆ, ಹಿಟ್ಟು, ಹಂದಿಕೊಬ್ಬು, ತಣ್ಣೀರು.
ನಿನ್ನ ಕೈ ಬಿಸಿ, ಕೊಬ್ಬು ಕರಗಿಸಿಬಿಡ್ತೀಯ, ಅಂತ ಬೈಸಿಕೊಂಡೆ.
ಅಡಿಗೆ ಬೇಕನ್, ಮೇಲೆ ಎದೆ, ತೊಡೆ,
ಬೆಂದ ಮೊಟ್ಟೆಯ ಬಿಲ್ಲೆ, ಕರಿಮೆಣಸು, ಒಂದೆಸಳು ಜಾಪತ್ರೆ,
ಮುಳುಗುವಷ್ಟು ಮೂಳೆಸಾರು.
ನಡುವೆ ಕೊಕ್ಕು ತೆರೆದ ಪಿಂಗಾಣಿಯ ಕರಿಹಕ್ಕಿ;
ಹಿಟ್ಟಿನ ಮುಚ್ಚಳದಿಂದ ಅದರ ಕತ್ತು ಮಾತ್ರ ಹೊರಗೆ,
ಆವಿ ಹೋಗಲೆಂದು.

ಎರಡೂವರೆ ಗಂಟೆ.
ಒಲೆಯಿಂದ ತೆಗೆದಾಗ ಆ ಹಕ್ಕಿ
ಓಡಿ ಬಂದವರ ಹಾಗೆ ಉಸಿರು ಬಿಡುತ್ತಿತ್ತು.
ಮಾವನ ಕುರ್ಚಿಯಲ್ಲಿ ಯಾರು ಕೂರುವುದೆಂದು
ಮೂವರೂ ನಿಂತೇ ಇದ್ದೆವು.
ನೀನು ಕೂರೇ, ಅಂದಳು.
ಅಲ್ಲಿಂದ ಮರ ಕಾಣುತ್ತೆ.
ಇನ್ನು ಮೇಲೆ ಎಣಿಸುವವರು ಬೇಕು.

ಮೊದಲ ತುತ್ತು.
ಈಲಿಯಷ್ಟು ದಟ್ಟ ರುಚಿ,
ಬೆನ್ನು ಬಿಸಾಕಿದ್ದರೂ ಎಲ್ಲೋ ಒಂದೆಳೆ ಕಹಿ.
ಹೊರಗೆ ಸಂಜೆ. ಉತ್ತ ಹೊಲದಿಂದ ಮರಳುತ್ತಿದ್ದವು.
ಬಾಯಲ್ಲಿ ತುತ್ತಿಟ್ಟುಕೊಂಡೇ ಗಟ್ಟಿಯಾಗಿ ಎಣಿಸಿದೆ,
ಮೂವತ್ತು. ಮೂವತ್ತೊಂದು.
ಇನ್ನೊಂದು ನಮ್ಮ ಮರದ ನೆತ್ತಿಯವರೆಗೂ ಬಂದು
ಹಾಗೇ ತೇಲಿ ಪಾದ್ರಿಯ ತೋಟದತ್ತ ಹೋಯಿತು.

ಅದನ್ನು ನಾನು ಹೇಳಲಿಲ್ಲ.