ಕಾವಲು

ಮೊಸರಿನ ಖಾಲಿ ಲೋಟಗಳನ್ನು ಬೊರ್ಬಾಲಾ ತೊಳೆದುಕೊಟ್ಟಳು.
ಎಮೋಕೆ ಅವನ್ನು ಹೂತಳು, ಅಂಚು ಮಣ್ಣಿಗೆ ಸಮ,
ತಳದಲ್ಲಿ ಒಂದಿಷ್ಟು ವಿನೆಗರ್.
ಗ್ಯೀಮೆಶ್ ಕಣಿವೆಯ ಇಳಿಜಾರಿನಲ್ಲಿ
ನಲವತ್ತು ಬಾಯಿ ಆಕಾಶ ನೋಡುತ್ತ ಕೂತವು.

"ಏನು ಹಿಡೀತೀ ಮಗಳೇ?"
"ಬೇಟೆಗಾರರನ್ನ."
ಮುದುಕಿ ನಕ್ಕಳು. ಕರಡಿ ಬಂದು ಜೇನುಪೆಟ್ಟಿಗೆ ಒಡೆಯುವ ಊರು ಇದು.
ಮೊಸರಿನ ಲೋಟಕ್ಕೆ ಬೀಳುವ ಬೇಟೆಗಾರ ಯಾವನು?

ಹೊತ್ತು ಮುಳುಗಿದ ಮೇಲೆ ಹೊರಡುತ್ತವೆ ಜೀರುಂಡೆಗಳು.
ಬೆನ್ನ ಮೇಲೆ ಬೆಸೆದ ಮುಚ್ಚಳ,
ಒಳಗೆ ಹಾರುವ ರೆಕ್ಕೆ ಇಲ್ಲ.
ಹೆದರಿದರೂ ಹಸಿದರೂ
ಕಾಲಿಗೇ ಬುದ್ಧಿ ಹೇಳಬೇಕು.
ನೇರಳೆ ಅಂಚಿನ ಒಂದು ಕಪ್ಪು
ಗೊಣ್ಣೆಹುಳುವಿನ ಎಳೆಮರಿಯನ್ನು ಕಚ್ಚಿ ಹಿಡಿದು
ತನ್ನ ಹೊಟ್ಟೆಯ ರಸವನ್ನೇ ಅದರ ಮೇಲೆ ಕಕ್ಕಿ
ಕರಗುವ ತನಕ ಕಾದು
ಗಂಜಿಯಂತೆ ಹೀರುತ್ತದೆ.
ಚೆಂದವಲ್ಲ, ನೋಡಲು.
ಅದರ ಮರಿ ಇನ್ನೂ ಕೆಳಗೆ,
ಬೇರಿನ ಸಂದಿ ತಡವುತ್ತ
ಮೊಟ್ಟೆಗಳ ಲೆಕ್ಕ ಚುಕ್ತಾ ಮಾಡುತ್ತಿರುತ್ತದೆ.

ಹುಲ್ಲುಗಾವಲು ಅನ್ನುತ್ತೇವೆ,
ಕಾವಲು ಯಾರದೆಂದು ಕೇಳಿದ್ದಿಲ್ಲ.

ಬೇಲಿಯಾಚೆ ಆಗೋಷ್ಟೊನನ ನೆಲ.
ಎರಡು ವರ್ಷ ಔಷಧಿ ಹೊಡೆದ, ಯಂತ್ರದಲ್ಲಿ ಚರ್ಮದವರೆಗೆ ಬೋಳಿಸಿದ.
ಈ ಆಗಸ್ಟಿನಲ್ಲಿ ಹುಲ್ಲಿನ ತುದಿ ಹಿಡಿದು ಎಳೆದರೆ
ಚಾಪೆಯಂತೆ ಸುತ್ತಿಕೊಂಡು ಬಂತು,
ಅಡಿಯಲ್ಲಿ ಒಂದೂ ಬೇರಿಲ್ಲ,
ಬಿಳೀ ಹುಳುಗಳು ಮಾತ್ರ ಮುದುಡಿ ಮಲಗಿದ್ದವು.
ಮಕ್ಕಳ ಹೊದಿಕೆ ಸರಿಸಿ ನೋಡಿದವನಂತೆ
ಅವನು ಮೆಲ್ಲಗೆ ಮತ್ತೆ ಹೊದಿಸಿದ.

ಬೊರ್ಬಾಲಾ ಬೇಲಿ ಬದಿಯ ಪಟ್ಟಿ ಕೊಯ್ಯುವುದಿಲ್ಲ.
ಜ್ಞಾನವೇನಲ್ಲ. ಅಲ್ಲಿ ಕಲ್ಲು ಜಾಸ್ತಿ,
ಉದ್ದ ಹಿಡಿಯ ಕುಡುಗೋಲು ಮೊಂಡಾಗುತ್ತದೆ.
ಆ ಒಣಹುಲ್ಲಿನ ಕುಚ್ಚುಗಳ ಬುಡದಲ್ಲಿ
ಹಿಮದ ಐದು ತಿಂಗಳು
ಯಾರು ಮಲಗಿ ಎದ್ದರೋ ಅವಳಿಗೆ ಗೊತ್ತಿಲ್ಲ.

ಬೆಳಿಗ್ಗೆ ಎಮೋಕೆ ಲೋಟ ಎತ್ತಿ ತೋರಿಸಿದಳು:
ಇವು ಬೇರು ಕಾಯುವವು. ಇದೊಂದರಲ್ಲೇ ಹನ್ನೊಂದು.
ಮುದುಕಿ ಬಗ್ಗಿ ನೋಡಿದಳು, ಹುಳಿವಾಸನೆಗೆ ಮೂಗು ಸೊಟ್ಟ ಮಾಡಿ.
"ನನ್ನ ನೆಲದವೇ?"
"ಹೌದು."
"ಮತ್ತೆ ಯಾಕೆ ಕೊಂದೆ?"
"ಎಷ್ಟಿವೆ ಅಂತ ಎಣಿಸೋಕೆ."
"ಈಗ ಹನ್ನೊಂದು ಕಡಿಮೆ ಇವೆ."

ಲೋಟಗಳ ಮುಚ್ಚಳಗಳನ್ನೂ ಎಸೆಯುವ ಹೆಂಗಸಲ್ಲ ಅವಳು.

ಮರುದಿನ ನಲವತ್ತೂ ಮನೆಗಳಲ್ಲಿ ಸೊನ್ನೆ.
ಮುಚ್ಚಳಗಳ ಮೇಲೆ ಇಬ್ಬನಿ,
ಇಬ್ಬನಿಯಲ್ಲಿ ಸಣ್ಣ ಸಣ್ಣ ಓಟದ ಗೆರೆ.
ಷರಾ ಬರೆಯುವ ಜಾಗದಲ್ಲಿ
ಎಮೋಕೆಯ ಪೆನ್ನು ಬಹಳ ಹೊತ್ತು ನಿಂತಿತು.
ಆಮೇಲೆ ಬರೆದಳು:
ರಾತ್ರಿ ಕಾವಲಿತ್ತು.