ಇಪ್ಪತ್ತು ಸೆಕೆಂಡು ಹಿಂದೆ

ಕಿಟಕಿಯಲ್ಲಿ ಇಳಿದಾಗಿರುತ್ತದೆ ವಿಮಾನ,
ಪರದೆಯಲ್ಲಿ ಇನ್ನೂ ಇಳಿಯಬೇಕು.
ಇಪ್ಪತ್ತು ಸೆಕೆಂಡು ಹಿಂದಿದೆ ಈ ಕ್ಯಾಮೆರಾ.
ಎಣಿಸಿ ನೋಡಿದ್ದೇನೆ. ಒಮ್ಮೊಮ್ಮೆ ಇಪ್ಪತ್ತೊಂದು.

ಟ್ಯಾಬ್ಲೆಟ್ಟನ್ನು ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟು
ಮೊಮ್ಮಗ ಸೋಸುಕೆ ಕೇಳಿದ:
ಎದುರಿಗೇ ಇದೆಯಲ್ಲ ಅಜ್ಜೀ ದ್ವೀಪ,
ಇದರಲ್ಲಿ ಯಾಕೆ ನೋಡ್ತೀಯ?
ಎದುರಿಗಿರೋದು ದೂರ ಕಣೋ, ಅಂದೆ.

ಸೆನ್ನನ್ನಿನ ಈ ಮೂರನೇ ಮಹಡಿಗೆ
ದ್ವೀಪವೆಂದರೆ ಒಂದು ಬೂದು ಗೆರೆ,
ಚಾಕುವಿನಲ್ಲಿ ಕೊಯ್ದಷ್ಟು ನೇರ.
ಗುಡ್ಡ ಕಡಿದು, ಹಡಗುಗಟ್ಟಲೆ ಮಣ್ಣು ತಂದು
ಸಮುದ್ರಕ್ಕೆ ಸುರಿದು ಮಾಡಿದ್ದು.
ಸುರಿದಲ್ಲಿ ನಮ್ಮ ಗಡಿಗೆಗಳಿದ್ದವು.

ಆಕ್ಟೋಪಸ್ಸಿಗೆ ಬಲೆ ಬೇಡ, ಗಾಳ ಬೇಡ.
ಹಗ್ಗಕ್ಕೆ ಗಡಿಗೆ ಕಟ್ಟಿ ತಳಕ್ಕೆ ಬಿಟ್ಟರೆ
ತಾನೇ ಬಂದು ಸಂಸಾರ ಹೂಡುತ್ತದೆ.
ಬಾಗಿಲಿಲ್ಲದ ಮನೆ, ಆದರೂ ಓಡಿಹೋಗಲ್ಲ ನೋಡು,
ಎನ್ನುತ್ತಿದ್ದ ಯಸುಮತ್ಸು, ನನ್ನ ಕಡೆ ತಿರುಗಿ, ನಗುತ್ತ.
ಪರಿಹಾರದ ದುಡ್ಡು ಬಂತು. ಮನೆಗೆ ಹೊಸ ಹಂಚು ಬಂತು.
ಕೊನೆಯ ಸಾಲಿನ ನಲವತ್ತು ಗಡಿಗೆ
ಅವನು ಎತ್ತಲೇ ಇಲ್ಲ.
ಮರೆತೆ ಅಂದ,
ಒಂದು ಗಂಟನ್ನೂ ಮರೆಯದವನು.

ಈಗ ಆ ದ್ವೀಪ ವರ್ಷ ವರ್ಷ ಕುಸಿಯುತ್ತಿದೆಯಂತೆ.
ಕಂಬಗಳಿಗೆ ಜ್ಯಾಕ್ ಕೊಟ್ಟು ಎತ್ತಿ
ಅಡಿಗೆ ಕಬ್ಬಿಣದ ತಗಡು ತೂರಿಸುತ್ತಾರಂತೆ,
ಕುಂಟುವ ಮೇಜಿಗೆ ನಾವು ಕಾಗದ ಮಡಚಿಟ್ಟ ಹಾಗೆ.
ಅವನಿದ್ದಿದ್ದರೆ ಹೇಳುತ್ತಿದ್ದ:
ನಲವತ್ತೂ ಸೇರಿ ಎಳೀತಿವೆ.

ಅವನು ಹೋದ ರಾತ್ರಿಯೂ ಹೀಗೇ.
ಒಳಗೆ ಡಾಕ್ಟರಿಗೆ ಗೊತ್ತಾಗಿತ್ತು;
ಸುದ್ದಿ ನನ್ನ ತನಕ ಬರಲು
ಒಂದು ಕಾರಿಡಾರಿನಷ್ಟು ಹೊತ್ತು ಹಿಡಿಯಿತು.
ಅಷ್ಟು ಹೊತ್ತೂ ನಾನು ಕಿತ್ತಳೆ ಸುಲಿಯುತ್ತಿದ್ದೆ,
ಅವನಿಗೆಂದು, ನಾರು ತೆಗೆದು ತೆಗೆದು.

ಆಗಸ್ಟಿನಲ್ಲಿ ಕ್ಯಾಮೆರಾಗೆ ಜೇಡ ಬಂತು.
ಗಾಜಿಗಡ್ಡಲಾಗಿ ನೇಯ್ದು, ನಡುವೆ ಕೂತಿತು,
ವಿಮಾನಕ್ಕಿಂತ ದೊಡ್ಡದಾಗಿ.
ಸೋಲ್‌ನದು, ಮನಿಲಾದ್ದು, ಸರಕಿನದು,
ಎಲ್ಲ ಅದರ ಕಾಲಸಂದಿಯಲ್ಲಿ ನುಸುಳಿ ಇಳಿದವು.
ಒಂದೂ ಸಿಗಲಿಲ್ಲ. ಅದಕ್ಕೆ ಬೇಸರವೂ ಇಲ್ಲ.
ಹನ್ನೊಂದು ದಿನ ನಾವಿಬ್ಬರೂ ಕಾದೆವು.

ಹನ್ನೆರಡನೆಯ ಬೆಳಿಗ್ಗೆ ಒಂದು ಕೈ, ಒಂದು ನೀಲಿ ಬಟ್ಟೆ.
ಒರೆಸಿತು. ರನ್‌ವೇ ಕಲಸಿತು, ತಿಳಿಯಾಯಿತು.
ಆಮೇಲೆ ಒಂದು ಮುಖ:
ಹೆಲ್ಮೆಟ್ಟು, ಬೆವರು, ಮೂಗಿನ ಪಕ್ಕ ಮಚ್ಚೆ.
ನೇರ ನನ್ನ ಅಡುಗೆಮನೆಯೊಳಕ್ಕೇ ಇಣುಕಿತು.
ಇಷ್ಟು ವಿಮಾನ ನೋಡಿದ್ದೇನೆ,
ಮನುಷ್ಯ ಅಂತ ಕಂಡವನು ಇವನೊಬ್ಬ.
ತಿಂಡಿ ಆಯ್ತೇನಪ್ಪಾ?
ಬಾಯಿತಪ್ಪಿ ಕೇಳಿಯೇಬಿಟ್ಟೆ,
ಅಷ್ಟರಲ್ಲಿ ಅವನು ಅಲ್ಲಿ
ಏಣಿ ಇಳಿದಾಗಿತ್ತು.

ಇವತ್ತು ಮಂಜು. ಕಿಟಕಿಯಲ್ಲಿ ಗೆರೆಯೂ ಇಲ್ಲ.
ಪರದೆಯಲ್ಲಿ ಒದ್ದೆ ರನ್‌ವೇ, ಸಾಲು ದೀಪ,
ಮೇಲಿನ ಮೂಲೆಯಲ್ಲಿ
ಗಾಳಿಗೆ ಅಲ್ಲಾಡುವ ಒಂದೇ ಒಂದು ಎಳೆ.
ಸೋಸುಕೆಗೆ ಹೇಳಿಲ್ಲ.
ಅಕ್ಕಿ ತೊಳೆದಿಟ್ಟು ಬಂದು ಕೂತಿದ್ದೇನೆ.